ಅರ್ಧ ಸುತ್ತು, ಮೇಲೊಂದು ಗೇಣು

ಓಡದೆ ನಿಂತ ಯಂತ್ರಕ್ಕೆ ಎಣ್ಣೆ ಹಾಕುವ ಕೆಲಸವನ್ನು ನಾನು ಕೆಲವು ವರ್ಷ ಮಾಡಿದ್ದೇನೆ. ಕೇಳಿದವರು ನಗುತ್ತಾರೆ. ನಗಲಿ, ನನ್ನ ಹೆಂಡತಿಯೇ ನಕ್ಕಿದ್ದಾಳೆ. "ಓಡೋ ಮಿಷಿನ್ನಿಗೆ ಎಣ್ಣೆ ಹಾಕೋರನ್ನ ಕಂಡಿದೀನಿ. ನಿಂತಿರೋದಕ್ಕೆ ಹಾಕೋಕೆ ಬುತ್ತಿ ಕಟ್ಟಿಸ್ಕೊಂಡು ಹೋಗೋರನ್ನ ನಿಮ್ಮನ್ನೇ ಕಣ್ರೀ ನೋಡಿದ್ದು" ಅನ್ನುತ್ತಿದ್ದಳು.

ತೊಂಬತ್ತರ ದಶಕದ ಕೊನೆಯ ಮಾತು. ಮೇಟಗಳ್ಳಿಯಲ್ಲಿ ಒಂದು ಸಣ್ಣ ಕಾಗದದ ಕಾರ್ಖಾನೆ. ಊದುಬತ್ತಿ ಪೊಟ್ಟಣಕ್ಕೆ, ಬೇಕರಿಯವರಿಗೆ ಬೇಕಾಗುವ, ಒಂದು ಮಗ್ಗುಲು ಮಾತ್ರ ಹೊಳಪಿರುವ ತೆಳು ಕಾಗದ ಮಾಡುತ್ತಿದ್ದೆವು. ನಾನು ಅಲ್ಲಿ ಫಿಟ್ಟರ್. ಆ ಹೊಳಪು ಬರುತ್ತಿದ್ದದ್ದು ಒಂದೇ ಒಂದು ಉರುಳೆಯಿಂದ. ಉಕ್ಕಿನ ಉರುಳೆ, ಎರಡಾಳು ಎತ್ತರ. ಒಳಗೆ ಹಬೆ ತುಂಬಿಕೊಂಡು ನಿಧಾನವಾಗಿ ಸುತ್ತುತ್ತಿತ್ತು. ಒದ್ದೆ ಕಾಗದ ಅದರ ಮೈಗೆ ಅಂಟಿಕೊಂಡು ಹೋಗಿ ಆಚೆ ಕಡೆ ಒಣಗಿ, ಹೊಳೆಯುತ್ತ ಬಿಚ್ಚಿಕೊಳ್ಳುತ್ತಿತ್ತು. ಆಫೀಸಿನವರು ಅದಕ್ಕೆ ಡ್ರೈಯರ್ ಅನ್ನುತ್ತಿದ್ದರು. ನಮಗೆಲ್ಲ ಅದು ದೊಡ್ಡಯ್ಯ. ದೊಡ್ಡಯ್ಯ ನಿಂತರೆ ಕಾರ್ಖಾನೆಯೇ ನಿಂತ ಹಾಗೆ.

ಒಂದು ಬೆಳಿಗ್ಗೆ ಹಿನಕಲ್‌ನಿಂದ ಸೈಕಲ್ ತುಳಿದುಕೊಂಡು ಹೋದರೆ ಗೇಟಿಗೆ ಬೀಗ. ಮಾಲೀಕರಿಗೆ ನಡೆಸಲು ಆಗಲಿಲ್ಲ, ಅಷ್ಟೇ ನಮಗೆ ತಿಳಿದದ್ದು. ಎಲ್ಲರನ್ನೂ ಮನೆಗೆ ಕಳಿಸಿದ ಮ್ಯಾನೇಜರ್ ಮೂವರನ್ನು ಮಾತ್ರ ಉಳಿಸಿಕೊಂಡರು. ಗೇಟಿಗೆ ಒಬ್ಬ ವಾಚ್‌ಮನ್, ಯಂತ್ರಕ್ಕೆ ನಾನು, ನನ್ನ ಜೊತೆಗೆ ಎಣ್ಣೆ ಹಾಕುವ ಕೆಲಸದ ಅಯ್ನೋರು. ಅಯ್ನೋರು ಲಷ್ಕರ್ ಮೊಹಲ್ಲಾದವರು. ಅವರ ಮನೆತನದವರು ಮಠಕ್ಕೆ ನಡೆದುಕೊಳ್ಳುವವರು, ತಮ್ಮಂದಿರು ಕಿರಾಣಿ ವ್ಯಾಪಾರಕ್ಕೆ ಕೂತರು, ಇವರೊಬ್ಬರು ಎಣ್ಣೆ ಡಬ್ಬ ಹಿಡಿದರು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಹಣೆಯ ವಿಭೂತಿ ಬೆವರಿಗೆ ಅಳಿಸಿದರೆ ಮಧ್ಯಾಹ್ನ ಕೈಕಾಲು ತೊಳೆದು ಮತ್ತೆ ಹಚ್ಚಿಕೊಳ್ಳುವವರು.

ಮ್ಯಾನೇಜರ್ ನಮ್ಮನ್ನು ದೊಡ್ಡಯ್ಯನ ಮುಂದೆ ನಿಲ್ಲಿಸಿಕೊಂಡು ಹೇಳಿದರು: "ಕೊಂಡ್ಕೊಳ್ಳೋರು ಯಾರಾದ್ರೂ ಬಂದೇ ಬರ್ತಾರೆ. ಬಂದ ದಿನ ಇದು ಓಡ್ಬೇಕು. ಓಡಿದ್ರೆ ಎಲ್ರಿಗೂ ಕೆಲಸ ವಾಪಸ್ಸು. ಓಡ್ಲಿಲ್ಲ ಅಂದ್ರೆ ತೂಕಕ್ಕೆ ಹಾಕ್ತಾರೆ, ಅಷ್ಟೇನೇ."

ಕೆಲಸ ಏನು ಅಂದರೆ ಇದು. ಅಷ್ಟು ಭಾರದ ಉರುಳೆ ಎರಡು ಕಡೆಯೂ ತನ್ನ ಶಾಫ್ಟಿನ ಮೇಲೆ ಕೂತಿರುತ್ತದೆ. ಶಾಫ್ಟು ಬುಷ್ಷಿನಲ್ಲಿ, ಅಂದರೆ ಮೆತ್ತನೆಯ ಬಿಳಿ ಲೋಹದ ತೊಟ್ಟಿಲಿನಂಥ ಒಂದು ಹಾಸಿನಲ್ಲಿ, ಎಣ್ಣೆಯ ನಡುವೆ ತಿರುಗುತ್ತದೆ. ಓಡುತ್ತಿದ್ದರೆ ಎಣ್ಣೆ ಸುತ್ತಲೂ ಹರಡಿಕೊಂಡಿರುತ್ತದೆ. ನಿಂತರೆ ಭಾರಕ್ಕೆ ತಳದ ಎಣ್ಣೆ ಹಿಂಡಿಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಒಂದೇ ಮಗ್ಗುಲಲ್ಲಿ ಮಲಗಿದ ರೋಗಿಗೆ ಹುಣ್ಣಾಗುವಂತೆ ಅಲ್ಲೇ ತುಕ್ಕು ಹಿಡಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಮಗ್ಗುಲು ಬದಲಿಸಬೇಕು. ನಮ್ಮ ಹಳೆಯ ಫೋರ್‌ಮನ್ ಮನೆಗೆ ಹೋಗುವ ಮುಂಚೆ ಕಟ್ಟುನಿಟ್ಟಾಗಿ ಹೇಳಿದ್ದರು: "ಅರ್ಧ ಸುತ್ತು, ಮೇಲೊಂದು ಗೇಣು. ಬರೀ ಅರ್ಧ ತಿರುಗಿಸಿದ್ರೆ ಎರಡನೇ ವಾರಕ್ಕೆ ಮತ್ತೆ ಅಲ್ಲಿಗೇ ಬಂದು ಕೂರ್ತದೆ. ಗೇಣು ಸೇರಿಸಿದ್ರೆ ಪ್ರತಿ ಸಲ ಹೊಸ ಜಾಗ."

ಕರೆಂಟು ಕಿತ್ತುಹಾಕಿದ್ದರು. ಕೈಯಲ್ಲೇ ಆಗಬೇಕು. ಗೇರ್‌ಬಾಕ್ಸಿನ ಈಚೆ ಕಡೆ ಕಬ್ಬಿಣದ ಬಾರ್ ಸಿಕ್ಕಿಸಿ ಇಬ್ಬರೂ ಎಳೆಯುವುದು, ತೆಗೆದು ಮುಂದಿನ ತೂತಿಗೆ ಸಿಕ್ಕಿಸುವುದು, ಮತ್ತೆ ಎಳೆಯುವುದು. ಬೆವರು ಕಿತ್ತುಬರುವ ಹೊತ್ತಿಗೆ ದೊಡ್ಡಯ್ಯ ಒಂದು ಗೇಣು ಸರಿದಿರುತ್ತಿದ್ದ. ಅಯ್ನೋರು ಸೋಮವಾರವೇ ಆಗಲಿ ಎಂದರು. ಶಿವನ ವಾರ. ಸರಿ ಎಂದೆ. ಸೋಮವಾರ ತಿರುಗಿಸುವುದು, ಉಳಿದ ದಿನ ಮೈಗೆ ಗ್ರೀಸ್ ಬಳಿಯುವುದು, ಪಾರಿವಾಳ ಓಡಿಸುವುದು, ಸೋರುವ ಶೀಟಿನ ಕೆಳಗೆ ಡಬ್ಬ ಇಡುವುದು.

ಮೊದಲ ವರ್ಷ ಹುರುಪಿತ್ತು. ಜೊತೆಯಲ್ಲಿ ಕೆಲಸ ಮಾಡಿದವರು ಗೇಟಿನ ಹತ್ತಿರ ಬಂದು "ಯಾವಾಗ ಸ್ಟಾರ್ಟು?" ಎಂದು ಕೇಳಿ ಹೋಗುತ್ತಿದ್ದರು. ಮ್ಯಾನೇಜರ್ ವಾರಕ್ಕೊಮ್ಮೆ ಬಂದು ಬೆರಳಿನಿಂದ ಎಣ್ಣೆ ಮುಟ್ಟಿ ನೋಡಿ "ಗುಡ್" ಅನ್ನುತ್ತಿದ್ದರು. ಆಮೇಲೆ ತಿಂಗಳಿಗೊಮ್ಮೆ. ಆಮೇಲೆ ಅದೂ ಇಲ್ಲ. ಕೇಳಲು ಬರುತ್ತಿದ್ದವರಲ್ಲಿ ಒಬ್ಬ ಆಟೋ ಓಡಿಸಲು ಹೋದ, ಒಬ್ಬ ಮಾವನ ಕಡೆಯ ಗಾರೆ ಕೆಲಸಕ್ಕೆ ಸೇರಿದ. ಗೇಟಿನ ಹತ್ತಿರ ಯಾರೂ ಸುಳಿಯದಂತಾಯಿತು.

ನೋಡುವವರಿಲ್ಲ, ಕೇಳುವವರಿಲ್ಲ ಅಂದ ಮೇಲೆ ನನ್ನ ಕೈ ಸೋತಿತು. ನಾನು ಸಿಡುಕಿನ ಮನುಷ್ಯ. ಬೈಯುವವರು ಇದ್ದರೆ ಅವರಿಗೆ ಸಡ್ಡು ಹೊಡೆದು ಕೆಲಸ ಮಾಡುತ್ತೇನೆ, ಶಹಬ್ಬಾಸ್ ಅನ್ನುವವರು ಇದ್ದರೆ ಇನ್ನೂ ಮಾಡುತ್ತೇನೆ. ಎರಡೂ ಇಲ್ಲದೆ ಬರೀ ಪಾರಿವಾಳಗಳ ಎದುರು ಬಾರ್ ಎಳೆಯುವುದು ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದಂತೆ ಅನ್ನಿಸುತ್ತಿತ್ತು. ಎಷ್ಟೋ ಸೋಮವಾರ ಬೆಂಚಿನ ಮೇಲೆ ಪೇಪರ್ ಹಿಡಿದು ಕೂತುಬಿಡುತ್ತಿದ್ದೆ. ಅಯ್ನೋರು ಏನೂ ಅನ್ನದೆ ಒಬ್ಬರೇ ಬಾರ್ ಸಿಕ್ಕಿಸಿ ನೇತಾಡುತ್ತಿದ್ದರು. ನೋಡಲಾರದೆ ನಾನು ಏಳುತ್ತಿದ್ದೆ.

ಒಂದು ಸಲ ಕೇಳಿಯೇಬಿಟ್ಟೆ. "ಅಯ್ನೋರೇ, ಯಾರೂ ಬರಲ್ಲ, ಯಾರೂ ನೋಡಲ್ಲ. ನಿಮ್ಗೆ ಹೆಂಗೆ ಮನಸ್ಸು ಬರ್ತದೆ?"

"ಸೋಮವಾರ ಅಲ್ವಾ ತಮ್ಮ" ಎಂದರು. ಅಷ್ಟೇ ಉತ್ತರ. ನನಗೆ ಅದು ಉತ್ತರ ಅನ್ನಿಸಲಿಲ್ಲ, ಹೊಟ್ಟೆಕಿಚ್ಚು ಮಾತ್ರ ಆಯಿತು.

ಆಯುಧಪೂಜೆ ಮಾತ್ರ ಬಿಡುತ್ತಿರಲಿಲ್ಲ. ಊರೆಲ್ಲ ದಸರೆಯ ಗದ್ದಲದಲ್ಲಿದ್ದಾಗ ನಾವು ಮೂವರು ಕತ್ತಲು ಶೆಡ್ಡಿನಲ್ಲಿ ಸ್ಪ್ಯಾನರ್, ಬಾರ್ ಎಲ್ಲ ತೊಳೆದು ಜೋಡಿಸಿ ಬೂದುಗುಂಬಳ ಒಡೆಯುತ್ತಿದ್ದೆವು. ಒಂದು ವರ್ಷ ಅಯ್ನೋರು ಉರುಳೆಯ ಪಕ್ಕದ ದುಂಡು ಮುಖದ ಮೇಲುಭಾಗಕ್ಕೆ, ಏಣಿ ಹತ್ತಿ, ಮೂರು ಬೆರಳಲ್ಲಿ ವಿಭೂತಿ ಎಳೆದರು. ಮಾರನೆಯ ದಿನ ವಿಜಯದಶಮಿ. ಪೂಜೆ ಮಾಡಿದ ಯಂತ್ರವನ್ನು ಅವತ್ತು ಸ್ವಲ್ಪವಾದರೂ ಓಡಿಸಬೇಕು ಎನ್ನುವುದು ಪದ್ಧತಿ. ಬಾರ್ ಹಿಡಿದು ತಿರುಗಿಸಿದೆವು. ಅರ್ಧ ಸುತ್ತು ಆಗುವಾಗ ವಿಭೂತಿ ಕೆಳಗಿಳಿದು ತಲೆಕೆಳಗಾಯಿತು. ಅಯ್ನೋರ ಮುಖ ಸಣ್ಣಗಾಯಿತು.

"ಶಿವನ್ನ ತಲೆಕೆಳಗು ಮಾಡ್ಬುಟ್ವಲ್ಲ ತಮ್ಮ."

"ಮುಂದಿನ ವಾರ ಮೇಲೆ ಬರ್ತಾನೆ ಬಿಡಿ, ಅವನಿಗೂ ಸ್ವಲ್ಪ ವ್ಯಾಯಾಮ ಆಗ್ಲಿ" ಎಂದು ನಕ್ಕೆ. ಅವರು ನಗಲಿಲ್ಲ.

ಮುಂದಿನ ಮಳೆಗಾಲ ಶುರುವಾಗುವಾಗ ನಾನು ಹಿನಕಲ್ ತಿರುವಿನಲ್ಲಿ ಸೈಕಲ್ಲಿನಿಂದ ಬಿದ್ದು ಬಲ ಮುಂಗೈ ಮುರಿದುಕೊಂಡೆ. ಪಟ್ಟಿ ಕಟ್ಟಿದರು, ಮೂಳೆ ಸರಿಯಾಗಿ ಕೂಡಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದರು. ಮಳೆಗಾಲ ಪೂರ್ತಿ ಮನೆಯಲ್ಲೇ ಕಳೆದೆ. ಅಯ್ನೋರು ನೋಡಲು ಬಂದಾಗಲೆಲ್ಲ ನಾನು ಕೇಳುತ್ತಿದ್ದದ್ದು ಒಂದೇ, ತಿರುಗಿಸ್ತಿದೀರಾ ಅಂತ. "ಒಂದು ಸೋಮವಾರಾನೂ ತಪ್ಸಿಲ್ಲ. ವಾಚ್‌ಮನ್ನೂ ಕೈ ಹಾಕ್ತಾನೆ. ನೀನು ಕೈ ನೋಡ್ಕೊ" ಅನ್ನುತ್ತಿದ್ದರು. ಸುಳ್ಳು ಹೇಳುವ ಮನುಷ್ಯ ಅಲ್ಲ. ಹೇಳಲೂ ಇಲ್ಲ.

ಕೈಗೆ ಬಲ ಬಂದು ನಾನು ಮತ್ತೆ ಕೆಲಸಕ್ಕೆ ಹೋದ ವಾರವೇ ಮ್ಯಾನೇಜರ್ ಸುದ್ದಿ ಕಳಿಸಿದರು. ಕೊಳ್ಳುವವರು ಸಿಕ್ಕಿದ್ದಾರೆ, ತಮ್ಮ ಇಂಜಿನಿಯರನ್ನು ಕರೆದುಕೊಂಡು ಬರುತ್ತಾರೆ, ಓಡಿಸಿ ತೋರಿಸಬೇಕು. ಅದು ಹೇಗೆ ಹಬ್ಬಿತೋ, ಆ ದಿನ ಗೇಟಿನ ಆಚೆ ಹಳಬರೆಲ್ಲ ಸೇರಿದ್ದರು. ಆಟೋದವನು ಆಟೋ ಸಮೇತ ಬಂದಿದ್ದ. ಕೆಲವರು ಹಳೆಯ ಖಾಕಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡು ಬಂದಿದ್ದರು.

ಲಾರಿಯಲ್ಲಿ ಜನರೇಟರ್ ತಂದು ಮೋಟಾರಿಗೆ ಜೋಡಿಸಿದರು. ಸ್ವಿಚ್ ಒತ್ತಿದಾಗ ದೊಡ್ಡಯ್ಯ ಮೆಲ್ಲಗೆ ಹೊರಟ. ಗೇಟಿನಲ್ಲಿ ಕೂಗು ಎದ್ದಿತು. ನನ್ನ ಎದೆ ಉಬ್ಬಿತು. ಐದಾರು ಸುತ್ತು ಬಂದಿರಬಹುದು, ಬಲಗಡೆಯ ಬುಷ್ಷಿನಿಂದ ಒಂದು ಸದ್ದು. ಪ್ರತಿ ಸುತ್ತಿಗೆ ಒಮ್ಮೆ, ಬಾಗಿಲು ಬಡಿದಂತೆ. ಕೈ ಇಟ್ಟು ನೋಡಿದೆ, ಬಿಸಿ. ಸ್ವಲ್ಪ ಹೊತ್ತಿಗೆ ಹೊಗೆ. ಇಂಜಿನಿಯರ್ ಕೈ ಎತ್ತಿ ನಿಲ್ಲಿಸಿದರು.

ಮುಚ್ಚಳ ಬಿಚ್ಚಿದೆವು. ಶಾಫ್ಟಿನ ಒಂದು ಮಗ್ಗುಲಿಗೆ ಮಾತ್ರ ಅಂಗೈ ಅಗಲದ ತುಕ್ಕಿನ ಪಟ್ಟಿ, ತಿಂದುಹಾಕಿದಂತೆ ಗುಳಿಗುಳಿ. ಉಳಿದ ಕಡೆಯೆಲ್ಲ ಕನ್ನಡಿ. ಶೀಟಿನಿಂದ ಸೋರಿದ ಮಳೆನೀರು ಎಣ್ಣೆಯ ತಳಕ್ಕೆ ಇಳಿದಿತ್ತು, ಆ ನೀರಿನಲ್ಲಿ ಪ್ರತಿ ವಾರ ಅದೇ ಮಗ್ಗುಲು ಕೂತಿತ್ತು.

"ಇದನ್ನು ತಿರುಗಿಸಿಲ್ಲ. ಮಳೆಗಾಲ ಪೂರ್ತಿ ಒಂದೇ ಕಡೆ ಕೂತಿದೆ" ಎಂದರು ಇಂಜಿನಿಯರ್.

ನನಗೆ ರೇಗಿತು. "ಯಾರ್ರೀ ತಿರುಗಿಸಿಲ್ಲ ಅನ್ನೋದು? ಇವ್ರನ್ನ ಕೇಳಿ" ಎಂದು ಅಯ್ನೋರ ಕಡೆ ಕೈ ತೋರಿಸಿದೆ.

ಅಯ್ನೋರು ಮುಂದೆ ಬಂದರು. "ಪ್ರತಿ ಸೋಮವಾರ ತಿರುಗ್ಸಿದೀವಿ ಸ್ವಾಮಿ. ಅರ್ಧ ಅಲ್ಲ, ಪೂರ್ತಿ ಒಂದು ಸುತ್ತು. ವಿಭೂತಿ ಮತ್ತೆ ಮೇಲಕ್ಕೆ ಬರೋಗಂಟ ಬಿಡ್ತಾ ಇರ್ಲಿಲ್ಲ" ಎಂದರು.

ಇಂಜಿನಿಯರ್ ಅವರನ್ನೇ ನೋಡಿದರು. ಪೂರ್ತಿ ಸುತ್ತು ತಿರುಗಿಸಿದರೆ ಅದು ಹೊರಟ ಜಾಗಕ್ಕೇ ಬಂದು ಕೂರುತ್ತದೆ. ಅಷ್ಟು ದುಡಿದು, ನಾಲ್ವರ ಬೆವರು ಇಬ್ಬರೇ ಸುರಿಸಿ, ಆ ಮನುಷ್ಯ ಪ್ರತಿ ವಾರ ಅದೇ ಮಗ್ಗುಲನ್ನು ಅದೇ ನೀರಿಗೆ ತಂದು ಮಲಗಿಸಿದ್ದರು. ಸೋಮಾರಿಯಾಗಿದ್ದರೆ, ವಿಭೂತಿ ಕೆಳಗಿದ್ದರೆ ಇರಲಿ ಅಂದಿದ್ದರೆ, ದೊಡ್ಡಯ್ಯ ಉಳಿಯುತ್ತಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಯ್ನೋರು ಶಾಫ್ಟಿನ ಪಟ್ಟಿ ನೋಡಿದರು, ಕತ್ತೆತ್ತಿ ಮೇಲೆ ವಿಭೂತಿ ಇದ್ದ ಜಾಗ ನೋಡಿದರು, ಮತ್ತೆ ಶಾಫ್ಟು ನೋಡಿದರು. ಅವರಿಗೆ ಹೊಳೆಯಿತು. ಏಣಿ ತಂದು ಹತ್ತಿ, ಹೆಗಲ ಟವೆಲ್ಲಿನಿಂದ ಆ ಮೂರು ಗೆರೆ ಒರೆಸಿಹಾಕಿದರು. ಇಳಿದು ಯಾರಿಗೂ ಹೇಳದೆ ಹಿಂದಿನ ಗೇಟಿನಿಂದ ಹೋದರು. ಮುಂದಿನ ಗೇಟಿನಲ್ಲಿ ಖಾಕಿ ಅಂಗಿಯವರು ಇನ್ನೂ ನಿಂತಿದ್ದರು.

ಕೊಳ್ಳುವವರು ಯೋಚಿಸಿ ಹೇಳುತ್ತೇವೆ ಎಂದು ಹೋದರು. ಅಯ್ನೋರು ಮಾರನೆಯ ದಿನ ಬರಲಿಲ್ಲ, ಆ ಸೋಮವಾರವೂ ಬರಲಿಲ್ಲ. ಲಷ್ಕರ್ ಮೊಹಲ್ಲಾದ ಅವರ ಮನೆಗೆ ಹೋದೆ. ಕಿರಿದಾದ ಓಣಿ, ಕೆಳಗೆ ತಮ್ಮನ ಅಂಗಡಿ, ಮೇಲೆ ಇವರು. ಗೋಡೆಗೆ ಒರಗಿ ಕೂತಿದ್ದರು. ಹಣೆ ಖಾಲಿ.

"ಬನ್ನಿ ಅಯ್ನೋರೇ. ರಿಪೇರಿ ಮಾಡ್ಬಹುದು. ಅವರಿನ್ನೂ ಇಲ್ಲ ಅಂದಿಲ್ಲ."

"ನಾನು ಮುಟ್ಟಲ್ಲ ತಮ್ಮ. ಅಷ್ಟು ಜನದ ಅನ್ನ ನನ್ನ ಕೈಯಿಂದ ಹೋಯ್ತು. ಇನ್ನೊಂದು ಸಲ ಕೆಡಿಸೋ ಧೈರ್ಯ ನನಗಿಲ್ಲ, ಬುಟ್ಬುಡು."

ಅವರ ಹೆಂಡತಿ ಕಾಫಿ ಕೊಟ್ಟು ಬಾಗಿಲ ತನಕ ಬಂದು, "ಊಟ ಸರಿಯಾಗಿ ಮಾಡ್ತಿಲ್ಲ ಕಣಪ್ಪ" ಎಂದರು.

ಒಬ್ಬನೇ ಶುರು ಮಾಡಿದೆ. ಜಾಕ್ ಕೊಟ್ಟು ಉರುಳೆಯ ಬಲ ತುದಿಯನ್ನು ಕೂದಲೆಳೆಯಷ್ಟು ಎತ್ತಿ, ಕೆಳಗಿನ ಬುಷ್ಷನ್ನು ಹೊರಳಿಸಿ ಹೊರಗೆ ತೆಗೆದೆ. ವಾಚ್‌ಮನ್ ಜಾಕ್ ಒತ್ತಲು ಬಂದ. ಮೊದಲು ಶಾಫ್ಟು. ತುಕ್ಕು ಉಜ್ಜುವ ಉದ್ದದ ಎಮರಿ ಪಟ್ಟಿಗೆ ಎಣ್ಣೆ ಹಚ್ಚಿ ಶಾಫ್ಟಿಗೆ ಸುತ್ತಿ ಮಜ್ಜಿಗೆ ಕಡೆಯುವ ಹಗ್ಗದಂತೆ ಎರಡೂ ತುದಿ ಹಿಡಿದು ಎಳೆಯುವುದು. ತುಕ್ಕಿನ ಏಣು ಇಳಿಯಬೇಕು, ಆದರೆ ಶಾಫ್ಟಿನ ದುಂಡು ಕೆಡಬಾರದು. ಮುರಿದ ಕೈ ಸಂಜೆಯಾಗುವಾಗ ಊದಿಕೊಳ್ಳುತ್ತಿತ್ತು. ಎಡಗೈಯಲ್ಲಿ ಅನ್ನ ಕಲಸುವುದನ್ನು ಕಂಡು ಹೆಂಡತಿ ನಗುವುದನ್ನು ಬಿಟ್ಟಳು.

ಆಮೇಲೆ ಬುಷ್ಷು. ಶಾಫ್ಟಿಗೆ ನೀಲಿ ಬಣ್ಣ ತೆಳ್ಳಗೆ ಸವರಿ, ಬುಷ್ಷು ಕೂರಿಸಿ, ಉರುಳೆ ಇಳಿಸಿ, ಸ್ವಲ್ಪ ತಿರುಗಿಸಿ, ಮತ್ತೆ ಎತ್ತಿ ತೆಗೆದು ನೋಡಬೇಕು. ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಅಂಟಿರುತ್ತದೆ. ಅಷ್ಟನ್ನು ಮಾತ್ರ ಸ್ಕ್ರೇಪರಿನಲ್ಲಿ ಕೆರೆಯಬೇಕು. ಮತ್ತೆ ಕೂರಿಸಿ ನೋಡಬೇಕು. ನೀಲಿ ಚುಕ್ಕೆ ಬುಷ್ಷಿನ ತುಂಬ ಒಂದೇ ಸಮ ಹರಡಿದ ದಿನ ಕೆಲಸ ಮುಗಿದಂತೆ. ಅವಸರ ಮಾಡಿ ಒಂದು ಸಲ ಆಳಕ್ಕೆ ಕೆರೆದುಬಿಟ್ಟೆ. ಅದನ್ನು ಸರಿಮಾಡಲು ಸುತ್ತಲಿನದನ್ನೆಲ್ಲ ಇಳಿಸಬೇಕಾಯಿತು. ಹಾಳಾಗಿ ಹೋಗಲಿ ಎಂದು ಸ್ಕ್ರೇಪರ್ ಎಸೆದು, ಮತ್ತೆ ನಾನೇ ಹುಡುಕಿ ತಂದೆ.

ಅರ್ಧ ಬುಷ್ಷಿಗೆ ನೀಲಿ ಕೂತಿತ್ತು. ಆ ದಿನ ಮ್ಯಾನೇಜರ್ ಬಂದರು. ಬಿಚ್ಚಿಟ್ಟದ್ದನ್ನು ನೋಡಿ ಗಾಬರಿಯಾದರು.

"ಇದನ್ನ ಯಾರು ಮಾಡು ಅಂದ್ರು ನಿನಗೆ?"

"ಯಾರೂ ಅನ್ಲಿಲ್ಲ ಸಾರ್. ಇನ್ನೊಂದು ಸ್ವಲ್ಪ ದಿನ ಕೊಟ್ರೆ ಓಡಿಸಿ ತೋರಿಸ್ತೀನಿ."

ಅವರು ಬೆಂಚಿನ ಮೇಲೆ ಕೂತರು. ಎಲ್ಲ ಮುಗಿಯಿತಂತೆ. ಜಾಗ ಒಬ್ಬರಿಗೆ, ಯಂತ್ರ ಗುಜರಿಯವರಿಗೆ. ಬರುವ ತಿಂಗಳು ಕತ್ತರಿಸಲು ಬರುತ್ತಾರಂತೆ. "ನೀನು ಹಿಂಗೇ ಮುಚ್ಚಿಟ್ಟು ಮನೆಗೆ ಹೋಗಪ್ಪ. ಅದು ತಿರುಗಿದ್ರೂ ಅಷ್ಟೇ ತೂಕ, ತಿರುಗದೇ ಇದ್ರೂ ಅಷ್ಟೇ ತೂಕ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅವರ ಕೆಲಸವೂ ಹೋಗಿತ್ತು.

ಸ್ಕ್ರೇಪರ್ ಒರೆಸಿ ಪೆಟ್ಟಿಗೆಗೆ ಹಾಕಿ ಮನೆಗೆ ಹೋದೆ. ಎರಡು ದಿನ ಹೊರಗೆ ಹೋಗಲಿಲ್ಲ. ನನಗೇನು ಬೇಸರ ಎಂದು ನನಗೇ ತಿಳಿಯಲಿಲ್ಲ. ಕೆಲಸ ಹೋದದ್ದು ನಿಜ. ಆದರೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಮುಂದಿನ ಗತಿಯಲ್ಲ, ಆ ಬುಷ್ಷು. ಅರ್ಧಕ್ಕೆ ನೀಲಿ, ಅರ್ಧ ಬೋಳು. ಬಡಿಸಿದ ಅನ್ನ ಅರ್ಧಕ್ಕೆ ಬಿಟ್ಟು ಎದ್ದುಬಂದಂತೆ ಮನಸ್ಸು ಚಡಪಡಿಸುತ್ತಿತ್ತು. ಮೂರನೆಯ ಬೆಳಿಗ್ಗೆ ಸೈಕಲ್ ತೆಗೆದೆ. ಎಲ್ಲಿಗೆ ಎಂದು ಹೆಂಡತಿ ಕೇಳಿದಳು. "ಮುಗಿಸಿ ಬರ್ತೀನಿ" ಎಂದೆ. ಅವಳು ಒಳಗೆ ಹೋಗಿ ಬುತ್ತಿ ಕಟ್ಟಿ ತಂದುಕೊಟ್ಟಳು.

ವಾಚ್‌ಮನ್ ಗೇಟು ತೆಗೆಯುತ್ತ, "ಎಂಗೂ ಕುಯ್ದಾಕ್ತಾರಂತಲ್ಲಣ್ಣ, ಇನ್ಯಾಕೆ?" ಎಂದ. ಗೊತ್ತಿಲ್ಲ ಕಣೋ ಎಂದೆ. ಅದು ನಿಜವಾದ ಉತ್ತರ. ಬೈಯುವ ಫೋರ್‌ಮನ್ ಇಲ್ಲ, ಗುಡ್ ಅನ್ನುವ ಮ್ಯಾನೇಜರ್ ಇಲ್ಲ, ಗೇಟಿನಲ್ಲಿ ಕಾಯುವ ಜನ ಇಲ್ಲ, ಕಾರ್ಖಾನೆ ತೆರೆಯುತ್ತದೆ ಎನ್ನುವ ಆಸೆಯೂ ಇಲ್ಲ. ಎಲ್ಲ ಹೋದ ಮೇಲೂ ಕೈ ಕೆಲಸ ಕೇಳುತ್ತಿತ್ತು. ಇದು ನನ್ನೊಳಗೆ ಮೊದಲಿನಿಂದಲೂ ಇದ್ದು, ಇಷ್ಟು ವರ್ಷ ಬೇರೆಯವರ ದನಿಗಳ ನಡುವೆ ನನಗೆ ಕೇಳಿಸಿರಲಿಲ್ಲವೋ ಏನೋ, ನಾನು ಹೇಳಲಾರೆ. ಅಷ್ಟು ನೆಮ್ಮದಿಯಿಂದ, ಅಷ್ಟು ದುಃಖದಿಂದ ನಾನು ಹಿಂದೆಂದೂ ಕೆಲಸ ಮಾಡಿರಲಿಲ್ಲ.

ಕೊನೆಯ ನೀಲಿ ನೋಡಲು ದೊಡ್ಡಯ್ಯನನ್ನು ಪೂರ್ತಿ ತಿರುಗಿಸಬೇಕಿತ್ತು, ವಾಚ್‌ಮನ್ ಸೇರಿದರೂ ನನ್ನ ಒಂದು ಕೈಯಲ್ಲಿ ಆಗದು. ಮತ್ತೆ ಲಷ್ಕರ್ ಮೊಹಲ್ಲಾಕ್ಕೆ ಹೋದೆ. ಈ ಸಲ ಏನೂ ಮುಚ್ಚಿಡಲಿಲ್ಲ.

"ಗುಜರಿಗೆ ಹೋಗ್ತಿದೆ ಅಯ್ನೋರೇ. ಖಾತ್ರಿ. ಆದ್ರೂ ನಾನು ಮುಗಿಸ್ತಾ ಇದೀನಿ. ಒಂದು ಕೈ ಬೇಕು."

ಗೋಡೆಗೆ ಒರಗಿದ್ದವರು ನೆಟ್ಟಗೆ ಕೂತರು.

"ಖಾತ್ರೀನಾ?"

"ಖಾತ್ರಿ."

"ಅಂಗಾದ್ರೆ ಬರ್ತೀನಿ. ಇನ್ನು ನಾನು ಕೆಡಿಸೋಕೆ ಏನೂ ಉಳೀಲಿಲ್ವಲ್ಲ" ಎಂದು ಎದ್ದು ಗೂಟದಲ್ಲಿದ್ದ ಅಂಗಿ ತೆಗೆದುಕೊಂಡರು. ಅವರ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಬಾರ್ ಇಬ್ಬರೂ ಎಳೆದೆವು. ಎತ್ತಿ ಬುಷ್ಷು ತೆಗೆದಾಗ ನೀಲಿ ಈ ತುದಿಯಿಂದ ಆ ತುದಿಗೆ ಹರಡಿತ್ತು. ಅಯ್ನೋರು ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿದರು. ಎಣ್ಣೆ ತುಂಬಿ, ಮುಚ್ಚಳ ಬಿಗಿದು, ಮತ್ತೆ ತಿರುಗಿಸಿದೆವು. ಬಾರ್ ಎಳೆಯುವಾಗ ಮೊದಲಿನ ಅರ್ಧ ಬಲವೂ ಬೇಕಾಗಲಿಲ್ಲ. ಅರ್ಧ ಸುತ್ತು ಆಯಿತು. ಅಯ್ನೋರೇ ನನ್ನ ಕೈ ತಡೆದು, ಒಂದು ಗೇಣು ಅಳೆದು, "ಇನ್ನಿಷ್ಟು" ಎಂದರು. ಅಲ್ಲಿಯೇ ನಿಂತು ಇಬ್ಬರೂ ಅತ್ತೆವು. ನಾಚಿಕೆ ಆಗಲಿಲ್ಲ.

ಗುಜರಿಯವರು ಬಂದ ದಿನ ಕೀಲಿಕೈ ಒಪ್ಪಿಸಲು ನಾವಿಬ್ಬರೂ ಹೋಗಿದ್ದೆವು. ಗ್ಯಾಸ್ ಸಿಲಿಂಡರ್ ಇಳಿಸಿ ಪೈಪು ಜೋಡಿಸಿಕೊಂಡ ಕಟ್ಟರ್, ನನ್ನ ವಯಸ್ಸಿನವನೇ, ದೊಡ್ಡಯ್ಯನ ಸುತ್ತ ಒಂದು ಸಲ ಓಡಾಡಿ ನೋಡಿದ. ಅಷ್ಟು ಎತ್ತರಕ್ಕೆ ಅಟ್ಟಣೆ ಕಟ್ಟಬೇಕಲ್ಲ ಎಂದು ತಲೆ ಕೆರೆದುಕೊಂಡ. ಆಮೇಲೆ ನನ್ನನ್ನು ಕೇಳಿದ.

"ಅಣ್ಣ, ಇದು ತಿರುಗ್ತದಾ?"

ಹೌದೆಂದು ತಲೆ ಆಡಿಸಿದೆ.

"ಅಂಗಾದ್ರೆ ಒಳ್ಳೇದಾಯ್ತು. ನಾನು ಕೆಳಗೇ ನಿಂತ್ಕೊಂಡು ಉರಿ ಹಿಡೀತೀನಿ. ನೀವು ಸ್ವಲ್ಪ ಸ್ವಲ್ಪ ತಿರುಗಿಸ್ಕೊಡಿ, ಸುತ್ತ ಕುಯ್ಕೊಂಡು ಹೋಗ್ಬಹುದು."

ಆಗುವುದಿಲ್ಲ ಎಂದು ಹೇಳಿ ನಾನು ಹೊರಟುಬಿಡಬಹುದಿತ್ತು. ಅಯ್ನೋರ ಕಡೆ ನೋಡಿದೆ. ಅವರು ಆಗಲೇ ಬಾರ್ ಎತ್ತಿಕೊಂಡು ತೂತಿಗೆ ಸಿಕ್ಕಿಸುತ್ತಿದ್ದರು. ಬೇರೆಯವರ ಕೈಗೆ ಕೊಡುವ ಮನಸ್ಸು ಅವರಿಗಿರಲಿಲ್ಲ. ನಾನೂ ಹೋಗಿ ಹಿಡಿದೆ.

ಉರಿ ಹತ್ತಿತು. ನಾವು ಎಳೆದೆವು. ದೊಡ್ಡಯ್ಯ ಒಂದು ಚೂರೂ ಸದ್ದಿಲ್ಲದೆ ಸರಿದ. ಕಟ್ಟರ್ ಕನ್ನಡಕ ಮೇಲೆತ್ತಿ ಬುಷ್ಷಿನ ಕಡೆ ಕಿವಿಗೊಟ್ಟು ಕೇಳಿದ.

"ಏನ್ ನಯವಾಗಿ ಹೋಗ್ತದೆ ಅಣ್ಣ. ಎಲ್ಲೀವರೆಗೆ ಓಡ್ತಿತ್ತು ಇದು?"

"ನಿನ್ನೆವರ್ಗೂ ಓಡ್ತಿತ್ತಪ್ಪ" ಎಂದರು ಅಯ್ನೋರು.

ಅವನು ನಂಬಿ ತಲೆಯಾಡಿಸಿ ಕನ್ನಡಕ ಇಳಿಸಿಕೊಂಡ. ನಾವು ಬಾರನ್ನು ಮುಂದಿನ ತೂತಿಗೆ ಸಿಕ್ಕಿಸಿದೆವು.